ಪೆನ್‌ಡ್ರೈವ್‌ಗೆ ‘ಕಲಬುರಗಿ’ ಎಂದು ಹೆಸರಿಟ್ಟರೆ

ಕಲಬುರಗಿ ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಿ ಮಸೀದಿಯಿದೆ. ಅದರ ಚಿತ್ರಗಳನ್ನು ತುಂಬಿಕೊಂಡ ಪೆನ್‌ಡ್ರೈವ್‌ಗೆ ಕನ್ನಡದಲ್ಲೇ ‘ಕಲಬುರಗಿ’ ಎಂದು ಹೆಸರಿಡಲು ಹೊರಟವರನ್ನು ಲಿನಕ್ಸ್ ತಡೆಯಬಹುದು. ಒಳಗಿನ ಕಡತಗಳಿಗೆ ಕನ್ನಡ ಹೆಸರು ಸಲೀಸು. ಡ್ರೈವ್‌ನ ಹೆಸರಿಗೆ ಮಾತ್ರ ತಕರಾರು.

ತೊಡಕಿರುವುದು ಡ್ರೈವ್‌ನಲ್ಲಿ ಕಡತಗಳನ್ನು ಜೋಡಿಸಿಡುವ ಫ್ಯಾಟ್32 ಎಂಬ ವಿನ್ಯಾಸದಲ್ಲಿ. ಡಾಸ್ ಕಾಲದಲ್ಲಿ ಕಡತದ ಹೆಸರಿಗೆ ಎಂಟು, ಅದರ ಬಾಲಕ್ಕೆ ಮೂರು ಅಕ್ಷರಗಳ ಜಾಗವಿತ್ತು. ಆ 11 ಬೈಟ್‌ಗಳನ್ನೇ ಡ್ರೈವ್‌ನ ಹೆಸರಿಗೂ ಬಿಟ್ಟುಕೊಟ್ಟರು. 2014ರ ನವೆಂಬರ್ 1ರಂದು ‘ಗುಲ್ಬರ್ಗಾ’ ಎಂಬ ಹೆಸರು ಹೋಗಿ ಬಂದ ‘ಕಲಬುರಗಿ’ಗೆ ಇಂಗ್ಲಿಷ್‌ನಲ್ಲಿ 10 ಅಕ್ಷರ ಸಾಕು, ಹಿಡಿಯುತ್ತದೆ. ಆದರೆ ಡ್ರೈವ್‌ನ ಹೆಸರನ್ನು ದಾಖಲಿಸುವ ಡಾಸ್ ಕಾಲದ ಸಂಕೇತಪಟ್ಟಿಗಳಲ್ಲಿ ಕನ್ನಡ ಲಿಪಿಗೆ ಸ್ಥಾನವೇ ಇಲ್ಲ.

ಲಿನಕ್ಸ್‌ನ ಸ್ವಂತ ವಿನ್ಯಾಸವಾದ ಎಕ್ಸ್ಟ್4 ಕನ್ನಡವನ್ನು ಒಪ್ಪುತ್ತದೆ, ಆದರೆ ಕೊಡುವುದು 16 ಬೈಟ್ ಮಾತ್ರ. ಯುಟಿಎಫ್-8 ಸಂಕೇತದಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಅದಕ್ಕೆ ಸೇರುವ ಒಂದೊಂದು ಸ್ವರಚಿಹ್ನೆಗೂ ಮೂರು ಬೈಟ್ ಬೇಕು. ‘ಕೋಟೆ’ಯಲ್ಲಿ ಎರಡು ವ್ಯಂಜನ, ಎರಡು ಚಿಹ್ನೆ, ಒಟ್ಟು 12 ಬೈಟ್. ಸುಖವಾಗಿ ಕೂರುತ್ತದೆ. ‘ಕಲಬುರಗಿ’ಗೆ 21 ಬೈಟ್ ಬೇಕು. ಇ2ಲೇಬಲ್ ಎಂಬ ಸಲಕರಣೆ ಎಚ್ಚರಿಕೆ ಕೊಟ್ಟು ಹೆಸರನ್ನು 16ಕ್ಕೆ ಕತ್ತರಿಸಿದಾಗ ‘ಕಲಬುರ’ದ ಮುಂದೆ ‘ಗ’ದ ಒಂದೇ ಬೈಟ್ ಉಳಿಯುತ್ತದೆ. ಆ ಚೂರು ಯಾವ ಅಕ್ಷರವೂ ಅಲ್ಲ.

ಇನ್ನೂ ಸೂಕ್ಷ್ಮವಾದ ಸಂಗತಿಯೊಂದಿದೆ. ಯೂನಿಕೋಡ್‌ನಲ್ಲಿ ‘ಕೋ’ದ ಓತ್ವವನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು, ಮೂರು ತುಂಡುಗಳಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಬಿಡಿಸಿ ಬರೆದಾಗ ಮಾತ್ರ ‘ಕೋಟೆ’ 18 ಬೈಟ್‌ಗೆ ಬೆಳೆದು 16ರ ಗಡಿ ದಾಟುತ್ತದೆ. ಭಾರತೀಯ ಲಿಪಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಕಾಲದ ಅಳತೆಗಳು ಇಂದಿಗೂ ನಮ್ಮ ಊರುಗಳ ಹೆಸರನ್ನು ಮೊಟಕುಗೊಳಿಸುತ್ತಿರುವುದು ಬೇಸರದ ಸಂಗತಿ.

ದಾರಿ ಇಲ್ಲದಿಲ್ಲ. ಎಕ್ಸ್‌ಫ್ಯಾಟ್ ವಿನ್ಯಾಸವೂ 11ರ ಮಿತಿಯನ್ನೇ ಇಟ್ಟಿದೆ, ಆದರೆ ಎಣಿಸುವುದು ಎರಡು ಬೈಟ್‌ಗಳ ಯುಟಿಎಫ್-16 ಘಟಕಗಳನ್ನು. ಏಳು ಘಟಕದ ‘ಕಲಬುರಗಿ’ ಅಲ್ಲಿ ಇಡಿಯಾಗಿ ಹಿಡಿಯುತ್ತದೆ. 2019ರಲ್ಲಿ ಮೈಕ್ರೋಸಾಫ್ಟ್ ಇದರ ವಿವರಣೆಯನ್ನು ಬಹಿರಂಗಪಡಿಸಿದ ಮೇಲೆ ಲಿನಕ್ಸ್‌ನ ಒಳತಿರುಳೂ ಅದನ್ನು ಸೇರಿಸಿಕೊಂಡಿತು. ಫ್ಯಾಟ್32ರಿಂದ ಇದಕ್ಕೆ ಬದಲಾಗಬೇಕಾದರೆ ಫಾರ್ಮ್ಯಾಟ್ ಅನಿವಾರ್ಯ. ಚಿತ್ರಗಳನ್ನು ಮೊದಲೇ ಬೇರೆಡೆ ನಕಲಿಸಿಕೊಳ್ಳಬೇಕು.

ಹೆಸರು ಬದಲಿಸುವ ಮುನ್ನ ಡ್ರೈವ್ ಯಾವುದೆಂದು ‘ಎಲ್‌ಎಸ್‌ಬಿಎಲ್‌ಕೆ’ ಆಜ್ಞೆಯಿಂದ ಖಚಿತಪಡಿಸಿಕೊಂಡು ಅನ್‌ಮೌಂಟ್ ಮಾಡಬೇಕು. ಪಾರ್ಟೆಡ್ ಎಂಬ ಸಲಕರಣೆಯ ‘ಎಂಕೆಲೇಬಲ್’ ಆಜ್ಞೆಯ ತಂಟೆಗಂತೂ ಹೋಗಬಾರದು. ಅದು ಹೆಸರು ಬದಲಿಸುವುದಿಲ್ಲ, ಪಾರ್ಟಿಶನ್‌ಗಳ ಪಟ್ಟಿಯನ್ನೇ ಹೊಸದಾಗಿ ಬರೆಯುತ್ತದೆ. ಹಾಗಾದರೂ ಚಿತ್ರಗಳು ಬಹುಮಟ್ಟಿಗೆ ಇದ್ದಲ್ಲೇ ಇರುತ್ತವೆ. ಡ್ರೈವ್ ಮೇಲೆ ಮತ್ತೇನೂ ಬರೆಯದಿದ್ದರೆ, ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶ ಹಳೆಯ ಪಾರ್ಟಿಶನ್ ಶುರುವಾಗುವ ಜಾಗವನ್ನು ಹುಡುಕಿ ಪಟ್ಟಿಯನ್ನು ಮರಳಿ ಬರೆಯಬಲ್ಲದು.