ಔಷಧಿ ಇಲ್ಲವೆಂದಾಗ ಯಾವ ಬಾಗಿಲು ತಟ್ಟುವುದು?

ನನ್ನ ವಯಸ್ಸಿನವರಲ್ಲಿ ಹಲವರಿಗೆ ಶಾಲೆಯ ಗೋಧಿ ಉಪ್ಪಿಟ್ಟಿನ ನೆನಪಿರಬಹುದು. ಆ ಗೋಧಿ ನುಚ್ಚು ತುಂಬಿ ಬರುತ್ತಿದ್ದ ಚೀಲದ ಮೇಲೆ ಒಂದನ್ನೊಂದು ಹಿಡಿದ ಎರಡು ಕೈಗಳ ಚಿತ್ರವಿರುತ್ತಿತ್ತು. ಅದು ಅಮೆರಿಕ ಸರಕಾರದ ನೆರವಿನ ಲಾಂಛನವೆಂಬುದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ಬಳಿಕ. ಚೀಲ ಬಾರದ ದಿನ ಮನೆಯಲ್ಲಿ ಗಂಜಿಯಾದರೂ ಇರುತ್ತಿತ್ತು. ಆದುದರಿಂದ ಚೀಲ ನಿಂತುಹೋದರೆ ಗತಿಯೇನೆಂದು ನಾವು ಚಿಂತಿಸಿದವರಲ್ಲ.

ಆ ಲಾಂಛನವನ್ನು ಲೋಕದೆಲ್ಲೆಡೆ ಕೊಂಡೊಯ್ದ ಯುಎಸ್‌ಏಡ್ ಸಂಸ್ಥೆ ಸ್ಥಾಪನೆಯಾದದ್ದು 1961ರಲ್ಲಿ. 2025ರ ಜುಲೈ 1ರಂದು ಅದು ವಿದೇಶಿ ನೆರವಿನ ಕಾರ್ಯವನ್ನು ನಿಲ್ಲಿಸಿತು. ಅದಕ್ಕೂ ಮೊದಲೇ, ಜನವರಿ 20ರಂದು, ಅಧ್ಯಕ್ಷ ಟ್ರಂಪ್ ಅಧಿಕಾರ ವಹಿಸಿಕೊಂಡ ದಿನವೇ, ನೆರವನ್ನು 90 ದಿನ ತಡೆಹಿಡಿಯುವ ಆಜ್ಞೆ ಹೊರಟಿತ್ತು. ಪ್ರಾಣರಕ್ಷಕ ಔಷಧಿಗಳಿಗೆ ಆಮೇಲೆ ವಿನಾಯಿತಿ ದೊರೆಯಿತಾದರೂ ಮಾರ್ಚ್ ತಿಂಗಳಲ್ಲಿ ಸಂಸ್ಥೆಯ ಶೇ. 83ರಷ್ಟು ಕಾರ್ಯಕ್ರಮಗಳು ರದ್ದಾದುವೆಂದು ವಿದೇಶಾಂಗ ಕಾರ್ಯದರ್ಶಿಯವರೇ ಪ್ರಕಟಿಸಿದರು. ಬ್ರಿಟನ್ ಕೂಡ ತನ್ನ ನೆರವನ್ನು ರಾಷ್ಟ್ರೀಯ ವರಮಾನದ ಶೇ. 0.5ರಿಂದ 2027ರ ವೇಳೆಗೆ ಶೇ. 0.3ಕ್ಕೆ ಇಳಿಸುವುದಾಗಿ ಸಾರಿತು.

ಇದರ ಪೆಟ್ಟು ಎಲ್ಲಿ ಬೀಳುತ್ತದೆಂಬುದನ್ನು ಅರಿಯಲು ಆಫ್ರಿಕದ ಜಾಂಬಿಯಾ ದೇಶವನ್ನು ನೋಡೋಣ. ಅದು ತಾಮ್ರದ ನಾಡು. 1964ರಲ್ಲಿ ಸ್ವತಂತ್ರವಾದಾಗ ತಾಮ್ರಕ್ಕೆ ಒಳ್ಳೆಯ ಬೆಲೆಯಿತ್ತು. ಸರಕಾರ ಚಿಕಿತ್ಸೆಯನ್ನು ಉಚಿತವಾಗಿ ನೀಡಿತು. ಎಪ್ಪತ್ತರ ದಶಕದ ನಡುವಿನಲ್ಲಿ ಬೆಲೆ ಕುಸಿಯಿತು, ಸಾಲ ಬೆಳೆಯಿತು. ತೊಂಬತ್ತರ ದಶಕದಲ್ಲಿ ಸಾಲಿಗರ ಸಲಹೆಯಂತೆ ರೋಗಿಗಳಿಂದ ಶುಲ್ಕ ಪಡೆಯುವ ಕ್ರಮ ಬಂತು. ಏಡ್ಸ್ ರೋಗ ಊರೂರನ್ನು ಬರಿದುಮಾಡುತ್ತಿದ್ದುದೂ ಅದೇ ವರ್ಷಗಳಲ್ಲಿ. ಆ ದಶಕದ ಕೊನೆಗೆ ಅಲ್ಲಿ ಹುಟ್ಟಿದ ಮಗುವಿನ ಸರಾಸರಿ ಆಯುಷ್ಯ 45 ವರ್ಷದ ಆಸುಪಾಸಿಗೆ ಇಳಿದಿತ್ತು.

ಆಗ ನೆರವು ಬಂದದ್ದು ನಿಜ. 2002ರಲ್ಲಿ ಗ್ಲೋಬಲ್ ಫಂಡ್, 2003ರಲ್ಲಿ ಅಧ್ಯಕ್ಷ ಬುಷ್ ಅವರ ಏಡ್ಸ್ ಯೋಜನೆಯಾದ ಪೆಪ್‌ಫಾರ್ ಆರಂಭವಾದುವು. ಕಥೋಲಿಕ ಮತ್ತು ಪ್ರೊಟೆಸ್ಟೆಂಟ್ ಆಸ್ಪತ್ರೆಗಳು 1970ರಲ್ಲಿಯೇ ಒಂದುಗೂಡಿ ಕಟ್ಟಿದ್ದ ಜಾಂಬಿಯಾದ ಚರ್ಚುಗಳ ಆರೋಗ್ಯ ಸಂಘವು ಗ್ಲೋಬಲ್ ಫಂಡಿನ ಹಣವನ್ನು ಹಳ್ಳಿಗಳಿಗೆ ಮುಟ್ಟಿಸಿತು. ಮಾತ್ರೆಗಳಾದರೋ ಬಹುಪಾಲು ನಮ್ಮ ದೇಶದವೇ. ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಮಿಕ್ಕಿದ್ದ ಚಿಕಿತ್ಸೆಯನ್ನು 2001ರಲ್ಲಿ ಮುಂಬಯಿಯ ಸಿಪ್ಲಾ ಕಂಪೆನಿ 350 ಡಾಲರಿಗೆ ಕೊಡಲು ಮುಂದಾಗಿತ್ತು. ಇಂದು ಜಾಂಬಿಯಾದಲ್ಲಿ ಹನ್ನೆರಡು ಲಕ್ಷಕ್ಕೂ ಹೆಚ್ಚು ಜನರು ಈ ಮಾತ್ರೆಗಳಿಂದ ಬದುಕಿದ್ದಾರೆ. ಸರಾಸರಿ ಆಯುಷ್ಯ 60 ದಾಟಿದೆ. ವಿದೇಶಿ ನೆರವನ್ನು ಸುಲಭವಾಗಿ ಹಳಿಯುವವರು ಈ ಜೀವಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಆದರೆ ತೊಡಕಿರುವುದು ಇಲ್ಲಿಯೇ. ಎಚ್‌ಐವಿ ಸೋಂಕಿತನು ಮಾತ್ರೆಯನ್ನು ಬದುಕಿರುವ ತನಕ ಪ್ರತಿದಿನವೂ ನುಂಗಬೇಕು. ಅದರ ಹಣವೋ ವರ್ಷವರ್ಷವೂ ವಾಷಿಂಗ್ಟನ್ನಿನಲ್ಲಿ ಮಂಜೂರಾಗಬೇಕು. ಅಲ್ಲಿ ಆ ರೋಗಿಗೆ ಮತವಿಲ್ಲ, ಮಾತೂ ಇಲ್ಲ. ತನ್ನ ದೇಶದ ಮಂತ್ರಿಯನ್ನು ಕೇಳಿದರೆ ಆತ ದಾನಿಯತ್ತ ಬೆರಳು ತೋರಿಸುತ್ತಾನೆ, ದಾನಿ ಮಂತ್ರಿಯತ್ತ.

2009ರಲ್ಲಿ ಅಲ್ಲಿನ ಆರೋಗ್ಯ ಇಲಾಖೆಯಲ್ಲಿ ಹಣದ ದುರುಪಯೋಗ ಬಯಲಾದಾಗ ಸ್ವೀಡನ್ ಮತ್ತು ನೆದರ್ಲೆಂಡ್ಸ್ ನೆರವನ್ನು ತಡೆದುವು. 2025ರ ಮೇ ತಿಂಗಳಲ್ಲಿ ಇದೇ ಕಥೆ ಮತ್ತೊಮ್ಮೆ ನಡೆಯಿತು. ಅಮೆರಿಕದ ಅಧಿಕಾರಿಗಳು 2,000ಕ್ಕೂ ಹೆಚ್ಚು ಔಷಧದಂಗಡಿಗಳನ್ನು ತಪಾಸಣೆ ಮಾಡಿ, ದಾನವಾಗಿ ಬಂದ ಔಷಧಿಗಳು ಕಳವಾಗಿ ಮಾರಾಟವಾಗುತ್ತಿರುವುದನ್ನು ಕಂಡಿದ್ದರು. ವರ್ಷಕ್ಕೆ 5 ಕೋಟಿ ಡಾಲರ್ ಮೌಲ್ಯದ ಔಷಧಿ ನೆರವನ್ನು 2026ರಿಂದ ಕಡಿತಗೊಳಿಸುವುದಾಗಿ ರಾಯಭಾರಿ ಘೋಷಿಸಿದರು. ದಾನಿಯ ಸಿಟ್ಟು ಅನ್ಯಾಯದ್ದೆನ್ನಲಾರೆ. ಆದರೆ ಕದ್ದವನು ಒಬ್ಬ, ಮಾತ್ರೆ ತಪ್ಪುವುದು ಇನ್ನೊಬ್ಬನಿಗೆ.

ಮರಳಿ ಪಡೆಯುವ ಎಣಿಕೆಯಿಲ್ಲದೆ ಕೊಡುವುದೇ ದಾನವೆಂದು ಅರಿಸ್ಟಾಟಲನನ್ನು ಅನುಸರಿಸಿ ಸಂತ ತೋಮಸ್ ಅಕ್ವಿನಾಸರು ಹೇಳುತ್ತಾರೆ. ಸೆಮಿನರಿಯಲ್ಲಿ ಇದನ್ನು ಓದುವಾಗ ನನಗೆ ಹೊಳೆಯದಿದ್ದ ಮಾತೊಂದಿದೆ: ದಾನಕ್ಕೆ ದಾನಿಯ ಇಚ್ಛೆಯೇ ಮೂಲ; ಇಚ್ಛೆ ಬದಲಾದರೆ ದಾನವಿಲ್ಲ. ರೋಗಿಗೆ ತನ್ನ ಪ್ರಭುತ್ವದಿಂದ ಸಲ್ಲಬೇಕಾದುದು ನ್ಯಾಯಕ್ಕೆ ಸೇರಿದ್ದು. ಜಾಂಬಿಯಾದಲ್ಲಿ ನ್ಯಾಯದ ಕೆಲಸವನ್ನು ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ದಾನದ ಹೆಗಲಿಗೆ ಹೊರಿಸಲಾಗಿತ್ತು.

ಈ ಅಪಾಯವನ್ನು ಯಾರೂ ಕಾಣಲಿಲ್ಲವೆಂದಲ್ಲ. 2001ರ ಏಪ್ರಿಲಿನಲ್ಲಿ ನೈಜೀರಿಯದ ಅಬುಜಾದಲ್ಲಿ ಸೇರಿದ ಆಫ್ರಿಕದ ನಾಯಕರು ಬಜೆಟ್ಟಿನ ಶೇ. 15ನ್ನಾದರೂ ಆರೋಗ್ಯಕ್ಕೆ ಮೀಸಲಿಡುವುದಾಗಿ ಮಾತುಕೊಟ್ಟರು. ಅದನ್ನು ಉಳಿಸಿಕೊಂಡ ದೇಶಗಳು ಬೆರಳೆಣಿಕೆಯಷ್ಟು. ಹೊರಗಿನಿಂದ ಹಣ ಬರುತ್ತಿರುವಾಗ ಹಣಕಾಸು ಮಂತ್ರಿಗೆ ಬೇರೆ ಖರ್ಚುಗಳು ತುರ್ತಾಗಿ ಕಾಣುತ್ತವೆ. ಸಾಲದ ಹೊರೆಯನ್ನೂ ಮರೆಯಲಾಗದು. ಜಾಂಬಿಯಾ 2020ರ ನವೆಂಬರಿನಲ್ಲಿ ಸಾಲದ ಬಡ್ಡಿ ಕಟ್ಟಲಾರದೆ ಕೈಚೆಲ್ಲಿತು. ಇಲ್ಲಿ ಕುಳಿತು ಅವರಿಗೆ ಬುದ್ಧಿ ಹೇಳುವುದು ಸುಲಭ.

ನಮ್ಮ ಏಡ್ಸ್ ನಿಯಂತ್ರಣ ಕಾರ್ಯಕ್ರಮವೂ 1992ರಲ್ಲಿ ಆರಂಭವಾದದ್ದು ವಿಶ್ವಬ್ಯಾಂಕಿನ ಸಾಲದಿಂದ. 2003ರಲ್ಲಿ ಗೇಟ್ಸ್ ಫೌಂಡೇಶನ್ ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳಲ್ಲಿ ‘ಆವಾಹನ್’ ಯೋಜನೆಯನ್ನು ಕೈಗೊಂಡಿತು. ಅದು ಒಂದೇ ದಿನ ಬಾಗಿಲು ಮುಚ್ಚಿ ಹೋಗಲಿಲ್ಲ. 2009ರಿಂದ ಕಂತು ಕಂತಾಗಿ ಕೆಲಸವನ್ನು ಸರಕಾರಕ್ಕೆ ವಹಿಸಿಕೊಟ್ಟಿತು. ರಾಷ್ಟ್ರೀಯ ಕಾರ್ಯಕ್ರಮದ 2021–26ರ ಹಂತಕ್ಕೆ ಕೇಂದ್ರ ಸರಕಾರವೇ 15,471 ಕೋಟಿ ರೂಪಾಯಿ ಒದಗಿಸಲು ಒಪ್ಪಿತು.

ಆದರೂ ನಾವು ಬೀಗುವಂತಿಲ್ಲ. ಎಚ್‌ಐವಿ ಕುರಿತ 2017ರ ಕಾಯಿದೆಯಲ್ಲಿ ಚಿಕಿತ್ಸೆಯನ್ನು ‘ಸಾಧ್ಯವಾದ ಮಟ್ಟಿಗೆ’ ಒದಗಿಸಬೇಕೆಂಬ ಮಾತು ಸೇರಿಕೊಂಡಿದೆ. ಸೋಂಕಿತರು ವಿರೋಧಿಸಿದರೂ ಅದನ್ನು ತೆಗೆಯಲಿಲ್ಲ. 2022ರಲ್ಲಿ ಕೆಲವು ಮಾತ್ರೆಗಳ ಕೊರತೆಯಾದಾಗ ಸೋಂಕಿತರು ದೆಹಲಿಯ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಕಚೇರಿಗೇ ಹೋಗಿ ಧರಣಿ ಕುಳಿತರು. ವಾರಗಟ್ಟಲೆ ಅಲ್ಲಿಂದ ಕದಲಲಿಲ್ಲ. ಯಾವ ಬಾಗಿಲ ಮುಂದೆ ಕುಳಿತುಕೊಳ್ಳಬೇಕೆಂದು ಅವರಿಗೆ ಗೊತ್ತಿತ್ತು.