ರಾಜ್ಯಸಭೆಗೆ ನಾಡಿನ ಪ್ರತಿನಿಧಿ ಯಾರು?

ಲೋಕಸಭೆಯ ಚುನಾವಣೆ ಬಂತೆಂದರೆ ಊರೆಲ್ಲ ಗದ್ದಲ. ರಾಜ್ಯಸಭೆಯ ಚುನಾವಣೆಯಾದರೋ ವಿಧಾನಸೌಧದೊಳಗೇ ಮುಗಿದುಹೋಗುತ್ತದೆ. ಅಲ್ಲಿ ಮತ ನೀಡುವವರು ಜನರು ಆರಿಸಿದ ಶಾಸಕರು.

ಕರ್ನಾಟಕಕ್ಕೆ ರಾಜ್ಯಸಭೆಯಲ್ಲಿ 12 ಸ್ಥಾನಗಳಿವೆ. ಅವಧಿ 6 ವರ್ಷ. ಮತಪತ್ರದಲ್ಲಿ ಹೆಸರುಗಳ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆಯುವುದು ಕ್ರಮ. 4 ಸ್ಥಾನಗಳು ತೆರವಾಗಿ 224 ಶಾಸಕರೂ ಮತವಿತ್ತರೆ, 45 ಪ್ರಥಮ ಪ್ರಾಶಸ್ತ್ಯದ ಮತ ಪಡೆದವರು ಗೆದ್ದಂತೆಯೇ.

1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯಂತೆ ಅಭ್ಯರ್ಥಿಯು ಅದೇ ರಾಜ್ಯದ ಮತದಾರನಾಗಿರಬೇಕಿತ್ತು. 2003ರಲ್ಲಿ ಆ ಕಟ್ಟು ಸಡಿಲಿತು. ಭಾರತದ ಯಾವುದೇ ಲೋಕಸಭಾ ಕ್ಷೇತ್ರದ ಮತದಾರನಾಗಿದ್ದರೆ ಸಾಕೆಂದಾಯಿತು. ಜೊತೆಗೆ ಗುಪ್ತ ಮತದಾನವೂ ಹೋಗಿ, ಶಾಸಕನು ತನ್ನ ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಬೇಕಾಯಿತು. ಪತ್ರಕರ್ತ ಕುಲದೀಪ್ ನಯ್ಯರ್ ಅವರು ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. 2006ರಲ್ಲಿ ಕೋರ್ಟು ತಿದ್ದುಪಡಿಯನ್ನೇ ಎತ್ತಿಹಿಡಿಯಿತು.

ಮಧುರೆಯಲ್ಲಿ ಹುಟ್ಟಿದ ಶ್ರೀಮತಿ ನಿರ್ಮಲಾ ಸೀತಾರಾಮನ್ ಅವರು 2016 ಮತ್ತು 2022ರಲ್ಲಿ ಕರ್ನಾಟಕದಿಂದ ಆಯ್ಕೆಯಾದರು. ಮುಂಬಯಿಯಲ್ಲಿಯೋ ಪುಣೆಯಲ್ಲಿಯೋ ಮತದಾರನಾಗಿರುವ ಕನ್ನಡಿಗನೂ, 30 ವರ್ಷ ತುಂಬಿ 10 ಶಾಸಕರು ಸೂಚಿಸಿದರೆ, ಇಂದು ಕರ್ನಾಟಕದಿಂದ ಸ್ಪರ್ಧಿಸಬಹುದು. ಹೊರನಾಡಿನಲ್ಲಿ ನೆಲಸಿದ ನಮಗೆ ಇದು ಸಂತೋಷದ ಮಾತೇ ಸರಿ.

ಆದರೆ ಅಭ್ಯರ್ಥಿಗೆ ನಾಡಿನ ನೆಲ, ಜಲ, ನುಡಿಗಳ ಅರಿವಿದೆಯೇ ಎಂದು ಕಾಯಿದೆ ಕೇಳುವುದಿಲ್ಲ. ಕೇಳಬೇಕಾದವರು ಶಾಸಕರು, ಶಾಸಕರನ್ನು ಕೇಳಬೇಕಾದವರು ಊರಿನಲ್ಲಿರುವ ನಮ್ಮ ಅಣ್ಣತಮ್ಮಂದಿರು, ಅಕ್ಕತಂಗಿಯರು. ರಜೆಯಲ್ಲಿ ಊರಿಗೆ ಹೋದಾಗ ಮಳೆಬೆಳೆಗಳ ಜೊತೆಗೆ ಈ ಮಾತನ್ನೂ ಅವರೊಡನೆ ಆಡಬಾರದೇ?