ನೀರಾಚೆಯ ತವರು

ಹೆಣ್ಣು ಕೊಡುವಾಗ ಮಲೆನಾಡಿನವರು ಮನೆ, ತೋಟ, ಜನ ನೋಡುತ್ತಾರೆ. ಸಾಗರ ತಾಲ್ಲೂಕಿನ ತುಮರಿ ಕಡೆಗೆ ಕೊಡುವವರು ಇನ್ನೊಂದನ್ನೂ ನೋಡಬೇಕಿತ್ತು: ಲಾಂಚಿನ ವೇಳೆ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಶರಾವತಿ ಹರವಿಕೊಂಡಾಗ ಕಣಿವೆಯ ಗದ್ದೆ, ತೋಟಗಳು ಮುಳುಗಿದವು. ಎತ್ತರದ ಊರುಗಳು ಉಳಿದವು, ದಾರಿ ಉಳಿಯಲಿಲ್ಲ. ಕರೂರು ಹೋಬಳಿಯ ಈ ಭಾಗವನ್ನು ಜನ ‘ದ್ವೀಪ’ ಎಂದೇ ಕರೆದರು. ಭೂಗೋಳದ ಲೆಕ್ಕದಲ್ಲಿ ಅದು ದ್ವೀಪವಲ್ಲ, ಒಂದು ಮಗ್ಗುಲು ಘಟ್ಟದ ಕಾಡಿಗೆ ಅಂಟಿಕೊಂಡಿದೆ. ಆದರೆ ಕಾಡಿನ ಬಳಸುದಾರಿ ಹಿಡಿದು ಸಾಗರ ಸೇರಿದವರು ಹೆಸರಿಗೆ ತಕರಾರು ತೆಗೆಯಲಾರರು.

ತಾಯಿಯ ತಲೆಮಾರಿಗೆ ನೀರು ಬಂದದ್ದು ಕಣ್ಣೆದುರಿಗೆ; ತವರಿಗೆ ನಡೆದುಹೋಗುತ್ತಿದ್ದ ಕಾಲುದಾರಿ ಈಗ ನೀರಿನ ಅಡಿ. ಮಗಳಿಗೆ ಹೊಳೆಯೆಂದರೆ ಹಿನ್ನೀರೇ. ನಾ. ಡಿಸೋಜರ ‘ದ್ವೀಪ’ ಕಾದಂಬರಿ ಹೇಳುವುದು ಏರುವ ನೀರಿನ ಕತೆ. ಏರಿದ ನೀರಿನ ಜತೆ ಬದುಕಿದ್ದು ಅದಕ್ಕಿಂತ ಉದ್ದದ ಕತೆ.

ಹೊಳೆಬಾಗಿಲಿನಿಂದ ಕಳಸವಳ್ಳಿಗೆ ಲಾಂಚು ಹಗಲಿನಲ್ಲಷ್ಟೆ. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ವಾಹನ ಹತ್ತಿಸುವಂತಿಲ್ಲ. ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವುದು ಕನ್ನಡನಾಡಿಗೆಲ್ಲ ಸಂಭ್ರಮ. ಇಲ್ಲಿ ಅದರೊಳಗೊಂದು ಅಳುಕು. ರಾತ್ರಿ ನೋವು ಕಾಣಿಸಿಕೊಂಡರೆ ದಾಟಿಸುವುದು ಹೇಗೆ? ತವರು ಸಾಗರದ ಕಡೆಯಿದ್ದವಳು ಪುಣ್ಯವಂತೆ. ದ್ವೀಪದಲ್ಲೇ ತವರಿದ್ದವಳ ತಾಯಿ ದಿನ ಎಣಿಸಬೇಕು. ಹಾಗಿದ್ದೂ ಹೆಣ್ಣು ತರುವುದು, ಕೊಡುವುದು ನಿಲ್ಲಲಿಲ್ಲ. ನಾಡಿಗೆ ದೀಪ ಕೊಟ್ಟ ನೀರು ಇವರಿಗೆ ಕೊಟ್ಟದ್ದು ಈ ಎಣಿಕೆಯನ್ನು.

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವೆ 2.44 ಕಿಲೋಮೀಟರ್ ಉದ್ದದ ಸೇತುವೆ ತೆರೆಯಿತು. ಅರುವತ್ತೊಂದು ವರ್ಷದ ಮೇಲೆ, ಕತ್ತಲಾದ ನಂತರವೂ ಮಗಳು ತವರಿಗೆ ಬರಬಹುದು.